ಅಮ್ಮಿಯ ಷರತ್ತುಗಳು

ಭಾಯಿಜಾನ್ ಜರ್ಮನಿಯ ಮ್ಯೂನಿಕ್‌ಗೆ ಹೋಗಿ ಮೂರು ವರ್ಷ ಕಳೆಯಿತು. ಮೊದಲು ಪರೀಕ್ಷೆ, ಆಮೇಲೆ ಕೆಲಸದ ಹುಡುಕಾಟ, ಆಮೇಲೆ ಓದಿನ ವೀಸಾದಿಂದ ಕೆಲಸದ ವೀಸಾಕ್ಕೆ ಬದಲಾವಣೆ ಎಂದು ಒಮ್ಮೆಯೂ ಊರಿಗೆ ಬರಲಾಗಲಿಲ್ಲ. ಕಳೆದ ನವೆಂಬರ್‌ನಲ್ಲಿ ಫೋನ್ ಮಾಡಿ, "ಮೇ ತಿಂಗಳಲ್ಲಿ ಮೂರೂ ಜನ ಬನ್ನಿ. ಇರೋಕೆ ನನ್ನ ಮನೆ ಇದೆ, ವಿಮಾನದ ಟಿಕೆಟ್ ಅರ್ಧ ನಾನು ಕೊಡ್ತೀನಿ. ಆಲ್ಪ್ಸ್ ಬೆಟ್ಟದ ಒಂದು ಸರೋವರ ತೋರಿಸಿಕೊಂಡು ಬರ್ತೀನಿ" ಎಂದರು. ಅಬ್ಬಾ ಫೋನ್ ಇಡುವ ಮೊದಲೇ ನನ್ನ ಕಡೆ ತಿರುಗಿ, "ನೀನು ಕಾಮರ್ಸ್ ಅಲ್ವಾ, ಲೆಕ್ಕ ಹಾಕು" ಎಂದರು.

ಅಂದಿನಿಂದ ನಮ್ಮ ಮನೆಯಲ್ಲಿ ಈ ಪ್ರವಾಸದ್ದೇ ಮಾತು. ಬ್ರೇಕ್‌ನಲ್ಲಿ ನನ್ನ ಜೊತೆ ಕೂರುವ ಗೆಳತಿಯರಿಗೂ ಇದೇ ಕೇಳಿ ಕೇಳಿ ಸಾಕಾಗಿದೆ. ನಮ್ಮ ಕನ್ನಡ ಉಪನ್ಯಾಸಕರು, "ಎಲ್ಲರಿಗೂ ಬಾಯಲ್ಲಿ ಹೇಳೋ ಬದಲು ಒಮ್ಮೆ ಬರೆದುಬಿಡಮ್ಮ" ಎಂದಿದ್ದರಿಂದ ಬರೆಯುತ್ತಿದ್ದೇನೆ. ಮನೆಯಲ್ಲಿ ನಾವು ಆಡುವುದು ಉರ್ದು. ಆದರೆ ಅಬ್ಬಾ ಅಂಗಡಿಯ ಲೆಕ್ಕ ಬರೆಯುವುದು ಕನ್ನಡದಲ್ಲಿ, ನಾನು ಪ್ರವಾಸದ ಹಾಳೆ ಮಾಡಿದ್ದೂ ಕನ್ನಡದಲ್ಲೇ.

ಅಬ್ಬಾಗೆ ಆಲ್ಪ್ಸ್ ಎಂದರೆ ಸ್ವಿಟ್ಜರ್ಲೆಂಡ್. 1995ರಲ್ಲಿ ಬಂದ 'ದಿಲ್‌ವಾಲೆ ದುಲ್ಹನಿಯಾ ಲೇ ಜಾಯೇಂಗೆ' ಚಿತ್ರವನ್ನು ದಾವಣಗೆರೆಯ ಟಾಕೀಸಿನಲ್ಲಿ ಮೂರು ಸಲ ನೋಡಿದ್ದಾರಂತೆ. ಹಾಗಾಗಿ ಮೊದಲು ನಾನು ತೆರೆದದ್ದು ಇಂಟರ್‌ಲಾಕೆನ್ ಊರಿನ ನಕ್ಷೆ. ಥೂನ್ ಮತ್ತು ಬ್ರಿಯೆನ್ಸ್ ಎಂಬ ಎರಡು ಸರೋವರಗಳ ನಡುವೆ ಈ ಊರು ಇದೆ. ಅದರ ಹೆಸರಿನ ಅರ್ಥವೂ ಸರೋವರಗಳ ನಡುವೆ ಎಂದೇ. ಅಲ್ಲಿ ಯಶ್ ಚೋಪ್ರಾ ಅವರ ಪ್ರತಿಮೆಯನ್ನು 2016ರಲ್ಲಿ ನಿಲ್ಲಿಸಿದ್ದಾರೆ. ಅವರ ಸಿನಿಮಾ ನೋಡಿ ಎಷ್ಟು ಜನ ಭಾರತೀಯರು ಅಲ್ಲಿಗೆ ಹೋಗಿರಬೇಕು ಎಂದು ಇದರಿಂದಲೇ ಊಹಿಸಬಹುದು. ನಮ್ಮ ಕ್ಲಾಸಿನಲ್ಲಿ ಕೊರಿಯನ್ ಸೀರಿಯಲ್ ನೋಡುವವರಿಗೆ ಒಂದು ಮಾಹಿತಿ: 'ಕ್ರ್ಯಾಶ್ ಲ್ಯಾಂಡಿಂಗ್ ಆನ್ ಯೂ'ನಲ್ಲಿ ನಾಯಕ ಪಿಯಾನೋ ನುಡಿಸುವ ಆ ಮರದ ಕಟ್ಟೆ ಬ್ರಿಯೆನ್ಸ್ ಸರೋವರದ ದಡದಲ್ಲಿ, ಇಸೆಲ್ಟ್‌ವಾಲ್ಡ್ ಎಂಬ ಪುಟ್ಟ ಹಳ್ಳಿಯಲ್ಲಿದೆ. ಜನ ಮುಗಿಬಿದ್ದಿದ್ದರಿಂದ ಹಳ್ಳಿಯವರು 2023ರಿಂದ ಅಲ್ಲಿಗೆ ಕಾಲಿಡಲು 5 ಫ್ರಾಂಕ್ ವಸೂಲಿ ಮಾಡುತ್ತಿದ್ದಾರೆ. ಬೇಡಿಕೆ ಹೆಚ್ಚಿದರೆ ಬೆಲೆ ಏರುತ್ತದೆ ಎಂಬ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮ್ಮ ಎಕನಾಮಿಕ್ಸ್ ಪುಸ್ತಕದಲ್ಲಿಲ್ಲ.

ಸ್ವಿಟ್ಜರ್ಲೆಂಡಿನ ಖರ್ಚು ನೋಡಿ ಅಬ್ಬಾ ಸ್ವಲ್ಪ ಹಿಂಜರಿದರು, ಆದರೂ ಆಸೆ ಬಿಡಲಿಲ್ಲ. ಯುಂಗ್‌ಫ್ರಾಯೋಖ್ ಎಂಬಲ್ಲಿಗೆ ಬೆಟ್ಟದೊಳಗೆ ಸುರಂಗ ಕೊರೆದು ರೈಲು ಹಾಕಿದ್ದಾರೆ. 1896ರಲ್ಲಿ ಶುರುವಾದ ಕೆಲಸ 1912ರಲ್ಲಿ ಮುಗಿಯಿತು. ನಿಲ್ದಾಣ ಇರುವುದು 3454 ಮೀಟರ್ ಎತ್ತರದಲ್ಲಿ. ಇಂಟರ್‌ಲಾಕೆನ್‌ನಿಂದ ಹೋಗಿಬರಲು ರಿಯಾಯಿತಿ ಇಲ್ಲದಿದ್ದರೆ ಒಬ್ಬರಿಗೆ 200 ಫ್ರಾಂಕ್ ದಾಟುತ್ತದೆ. ಫ್ರಾಂಕ್ ಎಂದರೆ ಯೂರೋಗಿಂತ ತುಸು ದುಬಾರಿ. ನಾನು ಲೆಕ್ಕಕ್ಕೆ ಸುಲಭವಾಗಲೆಂದು ಒಂದು ಯೂರೋಗೆ 100 ರೂಪಾಯಿ ಎಂದು ಹಿಡಿದಿದ್ದೆ. ನಾಲ್ಕು ಜನಕ್ಕೆ ಒಂದೇ ದಿನದಲ್ಲಿ 80,000 ರೂಪಾಯಿ ದಾಟಿತು. "ಜೀವನದಲ್ಲಿ ಒಂದು ಸಲ ತಾನೆ" ಎಂದರು ಅಬ್ಬಾ. ಹಿಮ ಮುಟ್ಟಬೇಕು ಎನ್ನುವುದು ಅವರ ಒಂದೇ ಹಠ.

ಖರ್ಚಿನ ಜೊತೆಗೆ ಪ್ರತಿ ದೇಶದ ನಿಯಮಗಳಿಗೂ ನನ್ನ ಹಾಳೆಯಲ್ಲಿ ಒಂದು ಕಾಲಂ ಇತ್ತು: ಔಷಧಿ ಎಷ್ಟು ಒಯ್ಯಬಹುದು, ಉಪ್ಪಿನಕಾಯಿ ಬಿಡುತ್ತಾರಾ, ಹೀಗೆ. ಅದನ್ನು ತುಂಬಿಸುವಾಗ ಸಿಕ್ಕಿದ ಒಂದು ಸಾಲು ನಮ್ಮ ಇಡೀ ಯೋಜನೆಯನ್ನು ನಿಲ್ಲಿಸಿಬಿಟ್ಟಿತು. ಸ್ವಿಟ್ಜರ್ಲೆಂಡಿನಲ್ಲಿ 2025ರ ಜನವರಿ 1ರಿಂದ ಸಾರ್ವಜನಿಕ ಸ್ಥಳದಲ್ಲಿ ಮುಖ ಮುಚ್ಚಿಕೊಳ್ಳುವಂತಿಲ್ಲ. ತಪ್ಪಿದರೆ 1000 ಫ್ರಾಂಕ್‌ವರೆಗೆ ದಂಡ. 2021ರ ಮಾರ್ಚ್‌ನಲ್ಲಿ ಜನರಿಂದಲೇ ಮತ ಹಾಕಿಸಿ ಇದನ್ನು ತೀರ್ಮಾನಿಸಿದ್ದಾರೆ. ಹೌದು ಎಂದವರು ಶೇಕಡ 51.2. ಅಂದರೆ ನೂರಕ್ಕೆ ಸುಮಾರು 49 ಜನ ಬೇಡ ಎಂದಿದ್ದಾರೆ. ಕಾನೂನು ನನಗೆ ಸರಿ ಕಾಣಲಿಲ್ಲ, ಆದರೆ ಆ 49ರ ಲೆಕ್ಕವನ್ನೂ ಮರೆಯಬಾರದು ಅನ್ನಿಸಿತು.

ನಮ್ಮ ಅಮ್ಮಿ ನಿಖಾಬ್ ಧರಿಸುತ್ತಾರೆ. ನಾನು ಸ್ಕಾರ್ಫ್ ಅಷ್ಟೇ. ಅಮ್ಮಿಯೂ ಮೊದಲಿನಿಂದ ಹಾಕುತ್ತಿರಲಿಲ್ಲ. ನಾನು ಎರಡನೇ ಕ್ಲಾಸಿನಲ್ಲಿದ್ದಾಗ, ನಾನಿ ತೀರಿಕೊಂಡ ವರ್ಷ, ತಾವೇ ಶುರು ಮಾಡಿದರು. ಅಬ್ಬಾ ಹಾಕು ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಇದು ಎಲ್ಲರ ಮನೆಯಲ್ಲೂ ಹೀಗೆಯೇ ಎಂದು ನಾನು ಹೇಳುತ್ತಿಲ್ಲ. ನಮ್ಮ ಮನೆಯಲ್ಲಿ ನಡೆದದ್ದನ್ನು ಹೇಳುತ್ತಿದ್ದೇನೆ.

ಭಾನುವಾರದ ವಿಡಿಯೋ ಕಾಲ್‌ನಲ್ಲಿ ಈ ವಿಷಯ ಬಂತು. ಅಬ್ಬಾ, "ಅಲ್ಲಿ ನಮ್ಮನ್ನ ಗುರುತು ಹಿಡಿಯೋರು ಯಾರಿದಾರೆ, ನಾಲ್ಕು ದಿನ ತೆಗೆದಿಟ್ಟರಾಯ್ತು" ಎಂದರು. ಭಾಯಿಜಾನ್, "ಹೌದು ಅಮ್ಮಿ, ನಾಲ್ಕೇ ದಿನ" ಎಂದರು. ಇಬ್ಬರೂ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಅಮ್ಮಿ ಏನೂ ಹೇಳಲಿಲ್ಲ, ಅಡುಗೆಮನೆಗೆ ಹೋಗಿ ಗ್ಯಾಸ್ ಹಚ್ಚಿದರು. ಮಾರನೆಯ ದಿನ ಬೆಳಿಗ್ಗೆ ನನ್ನ ಟಿಫಿನ್ ಡಬ್ಬಿ ಮುಚ್ಚುತ್ತಾ, "ನೀವು ಇಬ್ಬರು ಹೋಗಿ ಬನ್ನಿ ಬೇಟಾ. ನನಗೆ ಮಂಡಿನೋವು ಬೇರೆ. ಅಂಗಡಿ ನೋಡಿಕೊಳ್ಳೋಕೂ ಒಬ್ಬರು ಬೇಕಲ್ಲ" ಎಂದರು. ಮೂರು ವರ್ಷದಿಂದ ಮಗನ ಮುಖವನ್ನು ಫೋನ್‌ನಲ್ಲಷ್ಟೇ ನೋಡಿದ ತಾಯಿ ಹೇಳುವ ಮಾತಲ್ಲ ಇದು. ಅಮ್ಮಿ ಅಂಗಡಿಯಲ್ಲಿ ಕೂತವರೂ ಅಲ್ಲ.

ಆ ದಿನ ಕಾಲೇಜಿನಿಂದ ಬಂದವಳೇ ಲ್ಯಾಪ್‌ಟಾಪ್ ಎತ್ತಿಕೊಂಡು ಅಮ್ಮಿಯ ಪಕ್ಕ ಕೂತೆ. ಹಾಳೆಯಲ್ಲಿ ಹೊಸ ಕಾಲಂ ತೆರೆದು ಅದಕ್ಕೆ 'ಅಮ್ಮಿಯ ಷರತ್ತುಗಳು' ಎಂದು ಹೆಸರಿಟ್ಟೆ. "ಅಬ್ಬಾದು ಒಂದೇ ಷರತ್ತು, ಹಿಮ. ನಿಮ್ಮದು ಹೇಳಿ, ಎಷ್ಟು ಬೇಕಾದರೂ ಹೇಳಿ" ಎಂದೆ. ಮೊದಲು ನಕ್ಕರು. ಆಮೇಲೆ ಒಂದೊಂದಾಗಿ ಬಂತು. ನಿಖಾಬ್ ತೆಗೆಯಬೇಕಾದ ಕಡೆ ಹೋಗುವುದಿಲ್ಲ. ಆದರೆ ಪಾಸ್‌ಪೋರ್ಟ್ ನೋಡುವ ಅಧಿಕಾರಿಗೆ ಮುಖ ತೋರಿಸಲು ಅಡ್ಡಿಯಿಲ್ಲ, ಆಧಾರ್ ಮಾಡಿಸುವಾಗಲೂ ತೋರಿಸಿದ್ದೇನಲ್ಲ ಎಂದರು. ಮೆಟ್ಟಿಲು ಜಾಸ್ತಿ ಇರಬಾರದು. ನಮಾಜಿಗೆ ನಿಲ್ಲಲು ಒಂದು ಮೂಲೆ ಬೇಕು. ಬಕ್ರೀದ್‌ಗೆ ಊರಲ್ಲಿರಬೇಕು. ಮಗನ ಮನೆಯಲ್ಲಿ ಅಡುಗೆ ತಾವೇ ಮಾಡಬೇಕು. ಇಷ್ಟೇ. ಇದರಲ್ಲಿ ಯಾವುದು ದೊಡ್ಡ ಬೇಡಿಕೆ ಎಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಆಲ್ಪ್ಸ್ ಎಂಬುದು ಒಂದು ದೇಶದ ಬೆಟ್ಟವಲ್ಲ. ಫ್ರಾನ್ಸ್, ಇಟಲಿ, ಸ್ವಿಟ್ಜರ್ಲೆಂಡ್, ಜರ್ಮನಿ, ಆಸ್ಟ್ರಿಯಾ, ಸ್ಲೊವೇನಿಯಾ ಎಂದು ಹಲವು ದೇಶಗಳಿಗೆ ಹರಡಿದೆ. ಫ್ರಾನ್ಸಿನಲ್ಲಿ ನಿಖಾಬ್ ನಿಷೇಧ 2011ರಿಂದಲೇ ಇದೆ. ಆಸ್ಟ್ರಿಯಾದಲ್ಲಿ ಹಾಲ್‌ಸ್ಟಾಟ್ ಎಂಬ ಊರಿದೆ. ಅದರ ಚಿತ್ರವನ್ನು ನೀವೂ ಯಾವುದಾದರೂ ಕ್ಯಾಲೆಂಡರಿನಲ್ಲಿ ನೋಡಿರುತ್ತೀರಿ: ಸರೋವರದ ಅಂಚಿಗೆ ಅಂಟಿಕೊಂಡ ಮರದ ಮನೆಗಳು, ಚೂಪು ಗೋಪುರದ ಒಂದು ಚರ್ಚು. ಎಂಟುನೂರು ಜನರೂ ಇಲ್ಲದ ಈ ಊರನ್ನು ಚೀನಾದವರು ಇಷ್ಟಪಟ್ಟು 2012ರಲ್ಲಿ ತಮ್ಮ ದೇಶದಲ್ಲೇ ಅದರ ನಕಲು ಕಟ್ಟಿಕೊಂಡರು. ಆದರೆ ಆಸ್ಟ್ರಿಯಾದಲ್ಲೂ 2017ರ ಅಕ್ಟೋಬರ್ 1ರಿಂದ ನಿಷೇಧವಿದೆ, ದಂಡ 150 ಯೂರೋ. ಅದೂ ಹೋಯಿತು. ಉಳಿದದ್ದು ಜರ್ಮನಿ. ಅಲ್ಲಿ ವಾಹನ ಓಡಿಸುವಾಗ ಮುಖ ಮುಚ್ಚುವಂತಿಲ್ಲ, ಗುರುತು ಪರಿಶೀಲಿಸುವಾಗ ತೋರಿಸಬೇಕು, ಸರ್ಕಾರಿ ನೌಕರರಿಗೆ ಬೇರೆ ನಿಯಮಗಳಿವೆ. ಬೀದಿಯಲ್ಲಿ ನಡೆಯುವವರಿಗೆ ಸಾಮಾನ್ಯ ನಿಷೇಧವಿಲ್ಲ. ಅಮ್ಮಿ ಕಾರು ಓಡಿಸುವ ಅಪಾಯ ಹೇಗೂ ಇಲ್ಲ.

ಜರ್ಮನಿಯ ಪಾಲಿಗೆ ಬಂದ ಆಲ್ಪ್ಸ್ ಚಿಕ್ಕದು, ಆದರೆ ಅದರಲ್ಲಿ ನಮಗೆ ಬೇಕಾದ್ದೆಲ್ಲ ಇತ್ತು. ದೇಶದ ಆಗ್ನೇಯ ಮೂಲೆಯಲ್ಲಿ, ಬೆರ್ಕ್ಟೆಸ್‌ಗಾಡೆನ್ ಎಂಬ ಊರಿನ ಪಕ್ಕ ಕ್ಯೋನಿಗ್ಸ್‌ಜೇ ಸರೋವರವಿದೆ. ಹೆಸರಿನ ನೇರ ಅರ್ಥ ರಾಜನ ಸರೋವರ. ಉದ್ದ ಹೆಚ್ಚೂ ಕಡಿಮೆ 8 ಕಿಲೋಮೀಟರ್, ಆಳ ಸುಮಾರು 190 ಮೀಟರ್. ಎರಡೂ ಕಡೆ ಬೆಟ್ಟದ ಗೋಡೆಗಳು ನೇರ ನೀರಿಗೇ ಇಳಿದಿರುವುದರಿಂದ ಸುತ್ತಲೂ ರಸ್ತೆಯೇ ಇಲ್ಲ. ದೋಣಿಯಲ್ಲೇ ಹೋಗಬೇಕು. ಆ ದೋಣಿಗಳೂ 1909ರಿಂದ ವಿದ್ಯುತ್ತಿನಲ್ಲೇ ಓಡುತ್ತಿವೆ. ನಾವು ಈಗ ಎಲೆಕ್ಟ್ರಿಕ್ ಸ್ಕೂಟರನ್ನು ಹೊಸತು ಎನ್ನುತ್ತಿದ್ದೇವೆ! ಸರೋವರದ ನಡುವೆ ದೋಣಿ ನಿಲ್ಲಿಸಿ ದೋಣಿಯವನು ತುತ್ತೂರಿ ಊದುತ್ತಾನೆ, ಎದುರಿನ ಬಂಡೆ ಅದನ್ನು ವಾಪಸು ಹೇಳುತ್ತದೆ. ಇನ್ನೊಂದು ಸಂಗತಿ ನನಗೆ ಬಹಳ ಹಿಡಿಸಿತು. ಸರೋವರದ ನೀರು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ನಮ್ಮ ದಾವಣಗೆರೆಯೂ ಸುಮಾರು ಅಷ್ಟೇ ಎತ್ತರ. ಅಂದರೆ ನಾವು ಇಷ್ಟೆಲ್ಲ ಖರ್ಚು ಮಾಡಿ ಹೋಗಿ ನಿಲ್ಲುವುದು ನಮ್ಮ ಮನೆಯ ಮಟ್ಟದಲ್ಲೇ. ವ್ಯತ್ಯಾಸವೆಂದರೆ ಅಲ್ಲಿ ಪಕ್ಕದಲ್ಲೇ 2713 ಮೀಟರಿನ ವಾಟ್ಸ್‌ಮಾನ್ ಬೆಟ್ಟ ನಿಂತಿರುತ್ತದೆ.

ದೋಣಿ 35 ನಿಮಿಷದಲ್ಲಿ ಸೇಂಟ್ ಬಾರ್ತೊಲೊಮೆ ಎಂಬಲ್ಲಿಗೆ ಹೋಗುತ್ತದೆ, ಅಲ್ಲೊಂದು ಕೆಂಪು ಗುಮ್ಮಟಗಳ ಹಳೆಯ ಚರ್ಚು ಇದೆ. ಇನ್ನೂ ಮುಂದೆ ಸಾಲೆಟ್ ಎಂಬ ಕೊನೆಯ ನಿಲ್ದಾಣದವರೆಗೆ ಹೋಗಲು ಒಟ್ಟು 55 ನಿಮಿಷ. ಕೊನೆಯ ನಿಲ್ದಾಣದವರೆಗೆ ದೋಣಿ ಓಡುವುದು ಏಪ್ರಿಲ್ ಕೊನೆಯಿಂದ ಅಕ್ಟೋಬರ್ ಮಧ್ಯದವರೆಗೆ ಮಾತ್ರ, ಆದ್ದರಿಂದ ಮೇ ನಮಗೆ ಸರಿಹೋಯಿತು. ಅಲ್ಲಿಂದ ಕಾಲು ಗಂಟೆ ನಡೆದರೆ ಒಬರ್‌ಜೇ ಎಂಬ ಇನ್ನೊಂದು ಪುಟ್ಟ ಸರೋವರ. ಅದರ ದಡದಲ್ಲಿ ಕೂತರೆ ಎದುರಿಗೆ ಜರ್ಮನಿಯಲ್ಲೇ ಎತ್ತರದ ರ್ಯೋಟ್‌ಬಾಖ್ ಜಲಪಾತ ಕಾಣುತ್ತದೆ, 470 ಮೀಟರ್. ನಮ್ಮ ಜೋಗ 253 ಮೀಟರ್ ಎಂದು ಹೇಳಿದಾಗ ಅಬ್ಬಾ, "ಎತ್ತರ ಇರಬಹುದು, ಮಳೆಗಾಲದ ಜೋಗದ ಅಬ್ಬರ ಇರಲ್ಲ ಬಿಡು" ಎಂದು ಊರಿನ ಮಾನ ಉಳಿಸಿದರು. ಜೋಗಕ್ಕೆ ಜುಲೈ, ಆಗಸ್ಟ್‌ನಲ್ಲಿ ಹೋಗಬೇಕು. ಅಲ್ಲಿ ಚಳಿಗಾಲದ ಹಿಮ ಕರಗುವುದರಿಂದ ಮೇ ತಿಂಗಳೇ ನೀರಿನ ಕಾಲ. ಜಲಪಾತದ ಬುಡದವರೆಗೆ ನಡೆಯುವ ದಾರಿ ಅಮ್ಮಿಯ ಮಂಡಿಗೆ ಆಗದ್ದು. ಭಾಯಿಜಾನ್ ಮತ್ತು ಅಬ್ಬಾ ಬೇಕಾದರೆ ಹೋಗಲಿ, ನಾವಿಬ್ಬರೂ ದಡದಲ್ಲಿ ಕೂರುತ್ತೇವೆ ಎಂದು ಹಾಳೆಯಲ್ಲಿ ಬರೆದಾಗಿದೆ. ಕೊನೆಯ ದೋಣಿ ತಪ್ಪಿದರೆ ಮಾತ್ರ ಕಥೆ ಮುಗಿಯಿತು, ನಡೆದು ಬರಲು ರಸ್ತೆಯಿಲ್ಲ. ಆ ಸಮಯವನ್ನು ಕೆಂಪಕ್ಷರದಲ್ಲಿ ಬರೆದುಕೊಳ್ಳುತ್ತೇನೆ.

ಇನ್ನು ಅಬ್ಬಾ ಅವರ ಹಿಮ. ಜರ್ಮನಿಯ ಅತಿ ಎತ್ತರದ ಬೆಟ್ಟ ಝುಗ್‌ಸ್ಪಿಟ್ಸೆ, 2962 ಮೀಟರ್. ಮ್ಯೂನಿಕ್‌ನಿಂದ ರೈಲಿನಲ್ಲಿ ಗಾರ್ಮಿಷ್ ಎಂಬ ಊರಿಗೆ ಹೋಗಿ, ಅಲ್ಲಿಂದ ಹಲ್ಲುಗಾಲಿಯ ರೈಲು ಹತ್ತಬಹುದು. ಊಟಿ ರೈಲಿನಲ್ಲಿ ಹೋದವರು ಹಳಿಗಳ ನಡುವಿನ ಆ ಹಲ್ಲುಪಟ್ಟಿ ನೋಡಿರುತ್ತೀರಿ. ಅಥವಾ ಬುಡದ ಐಬ್‌ಜೇ ಸರೋವರದಿಂದ ಕೇಬಲ್ ಕಾರಿನಲ್ಲಿ ನೇರ ತುದಿಗೆ ಏರಬಹುದು. ಮೇಲೆ ಮೇ ತಿಂಗಳಲ್ಲೂ ಹಿಮ ಇರುತ್ತದೆ. ವಸಂತದಲ್ಲಿ ಕೆಲವು ದಿನ ದುರಸ್ತಿಗೆಂದು ಕೇಬಲ್ ಕಾರ್ ನಿಲ್ಲಿಸುತ್ತಾರೆ, ಅದರ ದಿನಾಂಕ ನೋಡಿಕೊಂಡೇ ಟಿಕೆಟ್ ಕೊಳ್ಳಬೇಕು. ತಲಾ 80 ಯೂರೋ ಹಿಡಿದಿದ್ದೇನೆ, ನಾಲ್ವರಿಗೆ 32,000 ರೂಪಾಯಿ. ಇದೇನು ಅಗ್ಗವಲ್ಲ, ಆದರೆ ಯುಂಗ್‌ಫ್ರಾಯೋಖ್‌ನ ಅರ್ಧಕ್ಕಿಂತ ಕಡಿಮೆ.

ಈ ಬೆಟ್ಟದ ತಮಾಷೆಯೆಂದರೆ ಜರ್ಮನಿ ಮತ್ತು ಆಸ್ಟ್ರಿಯಾದ ಗಡಿ ಅದರ ತುದಿಯ ಮೇಲೇ ಹಾದುಹೋಗುತ್ತದೆ. ಕೆಲವು ಹೆಜ್ಜೆ ಆಚೆ ಇಟ್ಟರೆ ಕಾನೂನು ಬೇರೆ. ಇದನ್ನು ಹೇಳಿದಾಗ ಅಮ್ಮಿ ಮೊದಲ ಬಾರಿಗೆ ಈ ಪ್ರವಾಸದ ವಿಷಯದಲ್ಲಿ ಜೋರಾಗಿ ನಕ್ಕರು. "ಗೆರೆ ಎಲ್ಲಿದೆ ಅಂತ ತೋರಿಸು, ನಾನು ಈ ಕಡೆ ನಿಂತುಕೊಂಡು ಚಹಾ ಕುಡೀತೀನಿ, ನಿಮ್ಮಬ್ಬಾ ಆ ಕಡೆ ಹೋಗಿ ಫೋಟೋ ತೆಗೆಸಿಕೊಳ್ಳಲಿ" ಎಂದರು. ಆ ಎತ್ತರದ ಚಳಿಗೆ ಅಲ್ಲಿ ಎಲ್ಲರೂ ಮಫ್ಲರಿನಲ್ಲಿ ಮುಖ ಸುತ್ತಿಕೊಂಡಿರುತ್ತಾರೆ ಎಂದು ಭಾಯಿಜಾನ್ ಹೇಳಿದರು. ಸ್ವಿಟ್ಜರ್ಲೆಂಡಿನ ಕಾನೂನಿನಲ್ಲೂ ಹವಾಮಾನದ ಕಾರಣಕ್ಕೆ ಮುಖ ಮುಚ್ಚಲು ವಿನಾಯಿತಿ ಇದೆ. ಚಳಿಗಾದರೆ ಆಗುತ್ತದೆ, ದೀನಿಗಾದರೆ ಇಲ್ಲ. ಅಮ್ಮಿ ಇದಕ್ಕೆ ಏನೂ ಹೇಳಲಿಲ್ಲ.

ರೈಲಿನ ದಾರಿಯಲ್ಲೂ ಈ ಗೆರೆ ಬಂತು. ಮ್ಯೂನಿಕ್‌ನಿಂದ ಬೆರ್ಕ್ಟೆಸ್‌ಗಾಡೆನ್‌ಗೆ ಹಲವರು ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ವರೆಗೆ ರೈಲಿನಲ್ಲಿ ಹೋಗಿ ಅಲ್ಲಿಂದ ಬಸ್ಸು ಹಿಡಿಯುತ್ತಾರೆ. ನಾವು ಹಾಗೆ ಮಾಡುವುದಿಲ್ಲ. ಸಾಲ್ಜ್‌ಬರ್ಗ್‌ಗೆ ಸ್ವಲ್ಪ ಮೊದಲು, ಜರ್ಮನಿಯೊಳಗೇ ಇರುವ ಫ್ರೈಲಾಸಿಂಗ್ ನಿಲ್ದಾಣದಲ್ಲಿ ಇಳಿದು ಬೇರೆ ರೈಲು ಹತ್ತಬೇಕು. ನಿದ್ದೆ ಹತ್ತಿದರೆ ಎದ್ದಾಗ ಆಸ್ಟ್ರಿಯಾದಲ್ಲಿ ಇರುತ್ತೇವೆ. ಅದಕ್ಕೆ ಇಬ್ಬರ ಫೋನಿನಲ್ಲಿ ಅಲಾರಾಂ ಇಡುವುದೆಂದು ನಿರ್ಧಾರವಾಗಿದೆ, ಅಬ್ಬಾ ರೈಲು ಹತ್ತಿದ ಹತ್ತು ನಿಮಿಷಕ್ಕೆ ಗೊರಕೆ ಹೊಡೆಯುವವರು.

ಕಾಮರ್ಸ್‌ನವರಿಗೆ ಇಷ್ಟವಾಗುವ ಒಂದು ಲೆಕ್ಕ ಇಲ್ಲಿದೆ. ಜರ್ಮನಿಯಲ್ಲಿ 'ಡಾಯ್ಚ್‌ಲಾಂಡ್ ಟಿಕೆಟ್' ಎಂಬ ತಿಂಗಳ ಪಾಸಿದೆ. 2023ರಲ್ಲಿ 49 ಯೂರೋಗೆ ಶುರುವಾಯಿತು, 2025ರಲ್ಲಿ 58, 2026ರ ಜನವರಿಯಿಂದ 63. ವೇಗದ ದೂರದ ರೈಲುಗಳನ್ನು ಬಿಟ್ಟು ದೇಶದ ಎಲ್ಲ ಪ್ರಾದೇಶಿಕ ರೈಲು, ನಗರದ ಮೆಟ್ರೋ, ಬಸ್ಸು ಅದರಲ್ಲೇ ಆಗುತ್ತದೆ. ಆದರೆ ಅದು ಮೂವತ್ತು ದಿನದ ಪಾಸಲ್ಲ, ಕ್ಯಾಲೆಂಡರ್ ತಿಂಗಳಿನ ಪಾಸು. ಮೇ 25ಕ್ಕೆ ಹೋಗಿ ಜೂನ್ 5ಕ್ಕೆ ಬಂದರೆ ಎರಡು ತಿಂಗಳ ದುಡ್ಡು ಕೊಡಬೇಕು. ಚಂದಾ ರೂಪದಲ್ಲಿ ಇರುವುದರಿಂದ 10ನೇ ತಾರೀಕಿನೊಳಗೆ ರದ್ದು ಮಾಡದಿದ್ದರೆ ಮುಂದಿನ ತಿಂಗಳಿನದೂ ಕಡಿತವಾಗುತ್ತದೆ. ಇನ್ನೊಂದು 'ಬೈಯರ್ನ್ ಟಿಕೆಟ್'. ಅದು ಒಂದು ದಿನದ್ದು, ಐವರವರೆಗೆ ಒಂದೇ ಟಿಕೆಟಿನಲ್ಲಿ ಹೋಗಬಹುದು, ಜನ ಹೆಚ್ಚಿದಷ್ಟೂ ತಲಾ ಖರ್ಚು ಇಳಿಯುತ್ತದೆ, ಆದರೆ ವಾರದ ದಿನಗಳಲ್ಲಿ ಬೆಳಿಗ್ಗೆ 9ರ ನಂತರವೇ ಚಾಲ್ತಿ. ಎರಡು ದಿನ ಮಾತ್ರ ಓಡಾಡುವವರಿಗೆ ಅದು ಲಾಭ. ನಾವು ಮ್ಯೂನಿಕ್‌ನಲ್ಲೇ ದಿನವೂ ಓಡಾಡಬೇಕು, ವಿಮಾನ ನಿಲ್ದಾಣಕ್ಕೆ ಹೋಗಿಬರಬೇಕು, ಬೆಟ್ಟದ ಊರಿನಲ್ಲಿ ಬಸ್ಸು ಬೇಕು. ಹಾಗಾಗಿ ತಿಂಗಳ ಪಾಸನ್ನೇ ಆರಿಸಿದೆ: ಮೂವರಿಗೆ 189 ಯೂರೋ, ಒಮ್ಮೆ ಕೊಟ್ಟರೆ ಎಷ್ಟು ಓಡಾಡಿದರೂ ಅಷ್ಟೇ. ಸ್ಥಿರ ವೆಚ್ಚ, ಚರ ವೆಚ್ಚ ಎಂದು ಮೇಡಂ ಬೋರ್ಡಿನ ಮೇಲೆ ಬರೆದಾಗ ಬಾರದ ಉತ್ಸಾಹ ಈ ಲೆಕ್ಕ ಮಾಡುವಾಗ ಬಂತು.

ದಿನಾಂಕ ಮೇ 6ರಿಂದ 17. ಮೇ ಕೊನೆಯ ವಾರ ಬಕ್ರೀದ್, ಅದಕ್ಕೆ ಮೊದಲೇ ಮನೆಯಲ್ಲಿರುತ್ತೇವೆ. ಮೇ 14 ಗುರುವಾರ ಅಲ್ಲಿ ಕ್ರೈಸ್ತರ ಹಬ್ಬದ ರಜೆ. ಶುಕ್ರವಾರ ಒಂದು ದಿನ ರಜೆ ಹಾಕಿದರೆ ನಾಲ್ಕು ದಿನ ಸಿಗುವುದರಿಂದ ಜರ್ಮನಿಯವರೆಲ್ಲ ಸರೋವರದ ಕಡೆಗೇ ಹೊರಡುತ್ತಾರಂತೆ. ಅದಕ್ಕೇ ನಮ್ಮ ಸರೋವರ 11ರಿಂದ 13. ಜನ ಕಡಿಮೆ, ಕೋಣೆಯ ಬಾಡಿಗೆಯೂ ಕಡಿಮೆ. ಭಾನುವಾರ ಮತ್ತು ರಜಾದಿನ ಅಲ್ಲಿ ಅಂಗಡಿ ತೆರೆಯುವುದಿಲ್ಲ, ಉಳಿದ ದಿನವೂ ಬವೇರಿಯಾದಲ್ಲಿ ರಾತ್ರಿ 8ಕ್ಕೆ ಬಾಗಿಲು ಹಾಕುತ್ತಾರೆ. ಅಬ್ಬಾಗೆ ಇದು ನಂಬಲಾಗದ ಸಂಗತಿ. ಅವರದು ಟೈಲರುಗಳಿಗೆ ಬೇಕಾಗುವ ಗುಂಡಿ, ಜಿಪ್ಪು, ಲೈನಿಂಗ್ ಬಟ್ಟೆಯ ಅಂಗಡಿ. ರಂಜಾನ್ ತಿಂಗಳಲ್ಲಿ ರಾತ್ರಿ 12ಕ್ಕೂ ಗಿರಾಕಿ ಇರುತ್ತಾರೆ.

ವೀಸಾದ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಮ್ಮಂಥ ಮನೆಗಳಿಗೆ ಕಷ್ಟ ಬರುವುದು ಇಲ್ಲೇ. ಷೆಂಗೆನ್ ವೀಸಾ ಒಂದು ಸಿಕ್ಕರೆ ಆ ಒಕ್ಕೂಟದ ಎಲ್ಲ ದೇಶಗಳಲ್ಲೂ ನಡೆಯುತ್ತದೆ, ಆದರೆ ಅರ್ಜಿ ಹಾಕಬೇಕಾದ್ದು ಹೆಚ್ಚು ದಿನ ಇರುವ ದೇಶಕ್ಕೆ. ಶುಲ್ಕ ದೊಡ್ಡವರಿಗೆ 90 ಯೂರೋ, ವೀಸಾ ನಿರಾಕರಿಸಿದರೂ ವಾಪಸು ಕೊಡುವುದಿಲ್ಲ. ಮೂವರಿಗೆ 27,000 ರೂಪಾಯಿ ಎಂದು ಬರೆದೆ, ಅರ್ಜಿ ಕೇಂದ್ರದ ಸೇವಾಶುಲ್ಕ ಬೇರೆ. ಕನಿಷ್ಠ 30,000 ಯೂರೋ ರಕ್ಷಣೆಯ ಪ್ರಯಾಣ ವಿಮೆ ಕಡ್ಡಾಯ. ವಾಪಸು ಬರುವ ದಿನದ ನಂತರವೂ ಪಾಸ್‌ಪೋರ್ಟಿಗೆ ಮೂರು ತಿಂಗಳು ಅವಧಿ ಇರಬೇಕು. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು, ಹದಿನೈದು ದಿನಕ್ಕಿಂತ ತಡ ಮಾಡುವಂತಿಲ್ಲ. ನನಗೆ ಹದಿನೇಳು ಆದ್ದರಿಂದ ನನ್ನ ಅರ್ಜಿಗೆ ಅಬ್ಬಾ, ಅಮ್ಮಿ ಇಬ್ಬರ ಸಹಿ ಬೇಕು.

ಕಷ್ಟ ಇರುವುದು ಆದಾಯದ ಪುರಾವೆಯಲ್ಲಿ. ಸಂಬಳದವರಾದರೆ ಸ್ಯಾಲರಿ ಸ್ಲಿಪ್ ಇಟ್ಟರೆ ಆಯಿತು. ಅಬ್ಬಾ ರಿಟರ್ನ್ ಸಲ್ಲಿಸುವುದು 44ಎಡಿ ಕಲಮಿನಲ್ಲಿ. ಸಣ್ಣ ವ್ಯಾಪಾರಿಗಳು ಪೂರ್ತಿ ಲೆಕ್ಕಪುಸ್ತಕ ಇಡುವ ಬದಲು, ವಹಿವಾಟಿನ ಶೇಕಡ 8ರಷ್ಟನ್ನು, ಬ್ಯಾಂಕ್ ಅಥವಾ ಯುಪಿಐ ಮೂಲಕ ಬಂದ ಹಣಕ್ಕೆ ಶೇಕಡ 6ರಷ್ಟನ್ನು, ಲಾಭ ಎಂದು ತೋರಿಸುವ ಪದ್ಧತಿ ಅದು. ನಿಯಮದ ಪ್ರಕಾರ ಸರಿಯೇ. ಆದರೆ ಕಾಗದದ ಮೇಲೆ ನೋಡುವವರಿಗೆ ಆದಾಯ ಸಣ್ಣದಾಗಿ ಕಾಣುತ್ತದೆ. ಪರಿಚಯದವರೊಬ್ಬರು, ಅರ್ಜಿಗೆ ಮೊದಲು ಯಾರಿಂದಲಾದರೂ ನಾಲ್ಕು ಲಕ್ಷ ತಂದು ಖಾತೆಗೆ ಹಾಕಿ, ಆಮೇಲೆ ವಾಪಸು ಕೊಡಿ ಎಂದು ಸಲಹೆ ಕೊಟ್ಟರು. ಅಬ್ಬಾ ಒಪ್ಪಲಿಲ್ಲ, ನಾನೂ ಒಪ್ಪಲಿಲ್ಲ. ತಿಂಗಳುಗಟ್ಟಲೆ ಸಣ್ಣ ಸಣ್ಣ ಜಮಾ ಇರುವ ಸ್ಟೇಟ್‌ಮೆಂಟಿನಲ್ಲಿ ಇದ್ದಕ್ಕಿದ್ದಂತೆ ನಾಲ್ಕು ಲಕ್ಷ ಬಂದರೆ ಅದನ್ನು ನೋಡುವ ಅಧಿಕಾರಿಗೆ ಅನುಮಾನ ಬರದೇ ಇರುತ್ತದೆಯೇ? ಬದಲಿಗೆ ಸಿಕ್ಕಿದ ನೇರ ದಾರಿ ಬೇರೆ. ಜರ್ಮನಿಯಲ್ಲಿ ಸಾಕಷ್ಟು ಸಂಬಳ ಇರುವವರು ಅಲ್ಲಿನ ವಿದೇಶಿಯರ ಕಚೇರಿಗೆ ಹೋಗಿ, ಅತಿಥಿಗಳ ಖರ್ಚಿನ ಹೊಣೆ ನನ್ನದು ಎಂದು ಅಧಿಕೃತ ಪತ್ರ ಬರೆದುಕೊಡಬಹುದು. ಅದಕ್ಕೆ 29 ಯೂರೋ ಶುಲ್ಕ. ಭಾಯಿಜಾನ್ ಆ ಪತ್ರ ಮಾಡಿಸಿ ಕಳಿಸಿದ್ದಾರೆ. ಜೊತೆಗೆ ಅಂಗಡಿಯ ಜಿಎಸ್‌ಟಿ ನೋಂದಣಿ, ಬಾಡಿಗೆ ಕರಾರು, ನನ್ನ ಕಾಲೇಜಿನ ಬೊನಾಫೈಡ್ ಇಟ್ಟಿದ್ದೇವೆ. ಇವರಿಗೆ ಊರಲ್ಲಿ ಬದುಕಿದೆ, ವಾಪಸು ಬರುತ್ತಾರೆ ಎಂದು ಅವರಿಗೆ ಅನ್ನಿಸಬೇಕು, ಅಷ್ಟೇ. ಬೊನಾಫೈಡ್ ಒಂದೇ ದಿನದಲ್ಲಿ ಕೊಟ್ಟ ನಮ್ಮ ಆಫೀಸಿನವರಿಗೆ ಧನ್ಯವಾದ.

ಫೋಟೋ 35 ಮಿಲಿಮೀಟರ್ ಅಗಲ, 45 ಎತ್ತರ. ಧಾರ್ಮಿಕ ಕಾರಣಕ್ಕೆ ತಲೆ ಮುಚ್ಚಬಹುದು, ಗಲ್ಲದಿಂದ ಹಣೆಯವರೆಗೆ ಮುಖ ಕಾಣಬೇಕು. ಹೆಂಗಸರೇ ನಡೆಸುವ ಸ್ಟುಡಿಯೋ ಒಂದನ್ನು ಹುಡುಕಿ ಅಮ್ಮಿಯನ್ನು ಕರೆದೊಯ್ದೆ. ಯುರೋಪಿನ ಗಡಿಯಲ್ಲಿ 2025ರ ಅಕ್ಟೋಬರ್‌ನಿಂದ ಹೊಸ ವ್ಯವಸ್ಥೆ ಬಂದಿದೆ, ಅಲ್ಲಿ ಇನ್ನೊಮ್ಮೆ ಮುಖದ ಚಿತ್ರ ತೆಗೆಯುತ್ತಾರೆ ಎಂದು ಮೊದಲೇ ಹೇಳಿಬಿಟ್ಟೆ. ಹೆಣ್ಣು ಸಿಬ್ಬಂದಿ ಇದ್ದರೆ ಕೇಳೋಣ, ಇಲ್ಲದಿದ್ದರೂ ನಡೆಯುತ್ತದೆ ಎಂದರು. ಮೊದಲೇ ತಿಳಿದಿದ್ದರೆ ಅಮ್ಮಿಗೆ ಯಾವುದೂ ಕಷ್ಟವಲ್ಲ. ತನ್ನನ್ನು ಕೇಳದೆ ತನ್ನ ಬಗ್ಗೆ ತೀರ್ಮಾನಿಸಿದರೆ ಮಾತ್ರ ಅಡುಗೆಮನೆಗೆ ಹೋಗಿಬಿಡುತ್ತಾರೆ.

ಊಟದ ಚಿಂತೆ ನಾನು ಅಂದುಕೊಂಡಷ್ಟಿಲ್ಲ. ಮ್ಯೂನಿಕ್ ಮುಖ್ಯ ನಿಲ್ದಾಣದ ಸುತ್ತಲೇ ತುರ್ಕಿಯವರ ಹಲಾಲ್ ಅಂಗಡಿಗಳಿವೆ. ಬೆಟ್ಟದ ಊರಿನಲ್ಲಿ ಅಡುಗೆಮನೆ ಇರುವ ಕೋಣೆ ನೋಡಿದ್ದೇವೆ, ಅಕ್ಕಿ ಬೇಳೆ ಮ್ಯೂನಿಕ್‌ನಿಂದ ಒಯ್ಯುತ್ತೇವೆ. ಸೇಂಟ್ ಬಾರ್ತೊಲೊಮೆಯಲ್ಲಿ ಸರೋವರದ ಮೀನನ್ನೇ ಹೊಗೆಯಲ್ಲಿ ಬೇಯಿಸಿ ಕೊಡುತ್ತಾರೆ, ಮೀನಿಗೆ ಹಲಾಲ್ ಪ್ರಶ್ನೆ ಬರುವುದಿಲ್ಲ. ಬಿಸ್ಕತ್ತು, ಮೊಸರು, ಚಾಕೊಲೇಟ್ ಕೊಳ್ಳುವಾಗ ಮಾತ್ರ ಚೀಟಿ ಓದಬೇಕು, ಜೆಲಾಟಿನ್ ಇರಬಹುದು. ಅಮ್ಮಿ ಜರ್ಮನ್ ಭಾಷೆಯಲ್ಲಿ ಇದುವರೆಗೆ ಕಲಿತಿರುವುದು ಎರಡು ಪದ: 'ಡಾಂಕೆ', ಅಂದರೆ ಧನ್ಯವಾದ, ಮತ್ತು 'ಶ್ವೈನ್', ಅಂದರೆ ಹಂದಿ. ಎರಡರಲ್ಲೇ ಹನ್ನೆರಡು ದಿನ ಕಳೆಯಬಹುದು ಎಂದು ಅವರ ನಂಬಿಕೆ.

ನಮಾಜಿನ ಕಾಲಂ ತುಂಬಿಸಿದಾಗ ಎಲ್ಲರಿಗೂ ಆಶ್ಚರ್ಯವಾಯಿತು. ಇಲ್ಲಿ ನಾವು ಪಶ್ಚಿಮಕ್ಕೆ ತಿರುಗಿ ನಿಲ್ಲುತ್ತೇವೆ. ಅಲ್ಲಿ ಮಕ್ಕಾ ಇರುವುದು ಆಗ್ನೇಯಕ್ಕೆ. ಮೇ ಮಧ್ಯದಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ 8.40ರ ಸುಮಾರಿಗೆ, ಇಶಾ ಹತ್ತೂವರೆ ದಾಟುತ್ತದೆ. ಫಜರ್ ಮತ್ತೆ ಬೆಳಗಿನ ಜಾವಕ್ಕೆ ಬಹಳ ಬೇಗ. ನಿದ್ದೆಗೆ ಸಿಗುವುದು ಚಿಕ್ಕ ರಾತ್ರಿ. ಪ್ರಯಾಣದಲ್ಲಿ ನಾಲ್ಕು ರಕಾತ್‌ನ ನಮಾಜನ್ನು ಎರಡಕ್ಕೆ ಇಳಿಸುವ ಕಸ್ರ್ ವಿನಾಯಿತಿಯ ಬಗ್ಗೆ ಅಬ್ಬಾ ನಮ್ಮ ಮಸೀದಿಯ ಇಮಾಮರನ್ನು ಕೇಳಿಕೊಂಡು ಬಂದರು. ಹದಿನೈದು ದಿನಕ್ಕಿಂತ ಕಡಿಮೆ ಇರುವುದರಿಂದ ನಮಗೆ ಅದು ಸಲ್ಲುತ್ತದೆ. ಮಧ್ಯಾಹ್ನ ಒಂದು ಗಂಟೆ ಮಲಗುವುದು ಎಂದು ಹಾಳೆಯಲ್ಲಿ ಸೇರಿಸಿದ್ದೇನೆ. ಪ್ರವಾಸದಲ್ಲಿ ಹಗಲು ಮಲಗುವುದು ದುಡ್ಡು ಹಾಳು ಎಂದು ಭಾಯಿಜಾನ್ ವಾದ ಮಾಡಿದರು, ಬಹುಮತದಿಂದ ಸೋತರು.

ಒಟ್ಟು ಖರ್ಚು, ಭಾಯಿಜಾನ್ ಕೊಡುವ ಅರ್ಧ ಟಿಕೆಟ್ ಕಳೆದು, ಎರಡೂವರೆ ಲಕ್ಷದ ಆಸುಪಾಸು. ಅಬ್ಬಾ ಹಾಕಿದ ಮಿತಿ ಮೂರು ಲಕ್ಷ. ಅಂಗಡಿಯನ್ನು ಹನ್ನೆರಡು ದಿನ ಮುಚ್ಚಿದರೆ ಆಗುವ ನಷ್ಟವನ್ನೂ ನಾನು ಒಂದು ಸಾಲಾಗಿ ಬರೆದಿದ್ದೆ. ಅಬ್ಬಾ ಅದನ್ನು ನೋಡಿ, ಮೇ ತಿಂಗಳು ಮದುವೆ ಸೀಸನ್ ಎಂದು ನಿಟ್ಟುಸಿರು ಬಿಟ್ಟರು. ಚಾಚಾನ ಮಗ ಅಂಗಡಿಯಲ್ಲಿ ಕೂರಲು ಒಪ್ಪಿದ ಮೇಲೆ ಆ ಸಾಲು ಅಳಿಸಿ, ಅಲ್ಲಿ 'ಅವನಿಗೆ ಜಾಕೆಟ್' ಎಂದು ಬರೆದಾಯಿತು. ಇಂಟರ್‌ಲಾಕೆನ್ ಹಾಳೆಯನ್ನು ಅಬ್ಬಾ ಅಳಿಸಲು ಬಿಟ್ಟಿಲ್ಲ. ಇರಲಿ, ನೋಡಲು ಚೆನ್ನಾಗಿದೆ ಎಂದರು.

ವೀಸಾ ಅಪಾಯಿಂಟ್‌ಮೆಂಟ್ ಮುಂದಿನ ತಿಂಗಳು ಬೆಂಗಳೂರಿನಲ್ಲಿ. ಸಿಗುತ್ತದೋ ಇಲ್ಲವೋ ಅಲ್ಲಾಹನಿಗೆ ಗೊತ್ತು. ರದ್ದು ಮಾಡಿದರೆ ಹಣ ವಾಪಸು ಬರುವ ಕೋಣೆಯನ್ನೇ ಕಾದಿರಿಸಿದ್ದೇವೆ. ಅಮ್ಮಿ ಮಾತ್ರ ವೀಸಾ ಬಂದೇ ಬಿಟ್ಟಿದೆ ಎಂಬಂತೆ ಮಗನಿಗೆ ಒಯ್ಯಲು ಶೇಂಗಾ ಚಟ್ನಿಪುಡಿ, ಖಾರ ಮಂಡಕ್ಕಿಯ ಮಸಾಲೆ, ಶಾವಿಗೆ ಎಂದು ಪಟ್ಟಿ ಬೆಳೆಸುತ್ತಿದ್ದಾರೆ. ನನ್ನ ಹಾಳೆಯಲ್ಲಿ ಈಗ ಅತಿ ಉದ್ದದ ಕಾಲಂ ಅದೇ. ಬೆಟ್ಟದಲ್ಲಿ ಮೇ ತಿಂಗಳಲ್ಲೂ ಮಳೆ ಬರುವುದರಿಂದ ಮೂರು ರೇನ್‌ಕೋಟ್ ಕೊಳ್ಳಬೇಕು. ದೊಡ್ಡ ಸೂಟ್‌ಕೇಸ್ ನಮ್ಮಲ್ಲಿ ಒಂದೇ ಇದೆ, ಅದಕ್ಕೂ ಒಂದು ಚಕ್ರವಿಲ್ಲ. ಉಮ್ರಾಗೆ ಹೋಗಿಬಂದ ಯಾರ ಮನೆಯಲ್ಲಾದರೂ 23 ಕೆಜಿ ಹಿಡಿಸುವ ಸೂಟ್‌ಕೇಸ್, ತೂಕ ನೋಡುವ ಕೊಕ್ಕೆತಕ್ಕಡಿ ಇದ್ದರೆ ದಯವಿಟ್ಟು ತಿಳಿಸಿ. ಫಸ್ಟ್ ಪಿಯು ಕಾಮರ್ಸ್, ಕಿಟಕಿ ಪಕ್ಕದ ಮೂರನೇ ಬೆಂಚಿನಲ್ಲಿ ಇರುತ್ತೇನೆ.